ಟಿಬಿ ಬಂದವರ ಮನೆಗೆ ಬರೀ ಮೂಸಂಬಿ ಸಾಲದು

ಟಿಬಿ ಅಂತ ರಿಪೋರ್ಟ್ ಬಂದ ವಾರ ಮನೆಗೆ ಬರುವವರಿಗೇನೂ ಬರವಿಲ್ಲ. ಬ್ರೆಡ್ಡು, ಮೂಸಂಬಿ, ಜೊತೆಗೆ "ಧೈರ್ಯವಾಗಿರಪ್ಪ, ಏನೂ ಆಗಲ್ಲ" ಅನ್ನುವ ಮಾತು. ಹಾಗೆ ಹೇಳಿದವರೇ ಗೇಟಿನ ಹತ್ತಿರ ನಿಂತು ಸ್ಯಾನಿಟೈಸರ್ ಹಚ್ಚಿಕೊಳ್ಳುವುದನ್ನು ಒಳಗಿರುವವರು ಕಿಟಕಿಯಿಂದ ನೋಡಿರುತ್ತಾರೆ. ನಾಲ್ಕನೇ ತಿಂಗಳಿಗೆ ಬಂದರೆ ಒಂದು ಫೋನೂ ಇಲ್ಲ. ನಿಜವಾಗಿ ಜೊತೆ ಬೇಕಾಗುವುದು ಆಗ.

ಮಾಮೂಲಿ ಟಿಬಿಗೆ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲಿನ 4 ತಿಂಗಳು ಮೂರು, ಎಲ್ಲವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ತೂಕ 50ರಿಂದ 64 ಕೆಜಿ ಇದ್ದರೆ ದಿನಕ್ಕೆ ಅಂಥ ನಾಲ್ಕು ಮಾತ್ರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ಜ್ವರ ಬಿಟ್ಟು, ಕೆಮ್ಮು ಇಳಿದು, ಊಟ ರುಚಿಸತೊಡಗುತ್ತದೆ. "ಚೆನ್ನಾಗೇ ಇದೀನಲ್ಲ, ಇನ್ನೂ ಯಾಕೆ ಇವನ್ನು ನುಂಗಬೇಕು?" ಅನ್ನಿಸುವುದು ಆಗಲೇ, ಮಾತ್ರೆ ಬಿಡುವುದೂ ಆಗಲೇ. ಅಷ್ಟರಲ್ಲಿ ಸುಲಭಕ್ಕೆ ಸಾಯುವ ರೋಗಾಣು ಮಾತ್ರ ಸತ್ತಿರುತ್ತವೆ. ಮೂಲೆಯಲ್ಲಿ ಉಳಿದವು ಮತ್ತೆ ತಲೆಯೆತ್ತುತ್ತವೆ, ಕೆಲವೊಮ್ಮೆ ಅದೇ ಔಷಧಿಗೆ ಬಗ್ಗದ ಹಾಗೆ.

ಆದ್ದರಿಂದ ಮೊದಲ ವಾರವೇ ಎಲ್ಲರೂ ಮುಗಿಬೀಳಬೇಡಿ. ನಾಲ್ಕು ಜನ ವಾರಗಳನ್ನು ಹಂಚಿಕೊಂಡು ಆರು ತಿಂಗಳಿಗೆ ಪಾಳಿ ಹಾಕಿ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಅವರದೊಂದು ಮಿಸ್ಡ್ ಕಾಲ್, ತಿರುಗಿ ನಿಮ್ಮದೊಂದು. ಅರ್ಧ ಗಂಟೆ ಮೀರಿದರೆ ನೀವೇ ಫೋನ್ ಮಾಡಿ. ಮಾಡಿದ ಕೂಡಲೇ "ಮಾತ್ರೆ ತಗೊಂಡ್ಯಾ?" ಅಂತ ಪೊಲೀಸ್ ವಿಚಾರಣೆ ಶುರು ಮಾಡಿದರೆ ಕೆಲಸ ಕೆಡುತ್ತದೆ, ಎರಡೇ ದಿನಕ್ಕೆ "ಹ್ಞೂಂ, ತಗೊಂಡೆ" ಅನ್ನುವ ಸುಳ್ಳು ಅಭ್ಯಾಸವಾಗುತ್ತದೆ. ತಪ್ಪಿದ ದಿನವನ್ನು ಬೈಸಿಕೊಳ್ಳದೆ ಹೇಳುವಷ್ಟು ಸಲುಗೆ ಇರಬೇಕು. ತಪ್ಪಿತು ಅಂತ ಮಾರನೇ ದಿನ ದುಪ್ಪಟ್ಟು ನುಂಗುವುದು ಬೇಡ, ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ.

ಮೊದಲ ದಿನವೇ ಹೇಳಬೇಕಾದದ್ದು ಒಂದಿದೆ: ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು. ಅದು ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಔಷಧಿಯ ಬಣ್ಣ, ಅಪಾಯವಿಲ್ಲ. ಯಾರೂ ಹೇಳದಿದ್ದರೆ ಬೆಳಗಿನ ಜಾವ ಬಚ್ಚಲಲ್ಲಿ ಅದನ್ನು ಕಂಡವರು ರಕ್ತವೇ ಹೋಗುತ್ತಿದೆ ಅಂತ ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ಆದರೆ ಕಣ್ಣಿನ ಬಿಳಿಭಾಗ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ, ಕೆಂಪು–ಹಸಿರು ಗುರುತು ತಪ್ಪಿದರೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. "ಸ್ವಲ್ಪ ತಡ್ಕೋ" ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ. ಕೈಕಾಲು ಜೋಮು ಹಿಡಿದರೂ ಹೇಳಿ, ಅದಕ್ಕೆ ವಿಟಮಿನ್ ಮಾತ್ರೆ ಇದೆ.

ಇನ್ನು ತಟ್ಟೆ ಲೋಟ ಬೇರೆ ಇಡುವ ಸಂಗತಿ. ಟಿಬಿ ಹರಡುವುದು ಗಾಳಿಯಲ್ಲಿ, ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ. ತಟ್ಟೆಯಿಂದಲ್ಲ, ಬಟ್ಟೆಯಿಂದಲ್ಲ, ಕೈ ಕುಲುಕಿದರಂತೂ ಅಲ್ಲವೇ ಅಲ್ಲ. ಕಿಟಕಿ ತೆರೆಯುವುದು, ಮೊದಲ ವಾರಗಳಲ್ಲಿ ಮಾಸ್ಕ್ ಹಾಕುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುವುದು, ಬೇಕಾದದ್ದು ಇಷ್ಟು. ಔಷಧಿ ಸರಿಯಾಗಿ ಹಿಡಿದರೆ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ತೀರಾ ಕುಗ್ಗುತ್ತದೆ. ಮದ್ರಾಸಿನಲ್ಲಿ 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನೆಯಲ್ಲೇ ಔಷಧಿ ತೆಗೆದುಕೊಂಡವರನ್ನೂ ಸ್ಯಾನಟೋರಿಯಂ (ಟಿಬಿ ಆಸ್ಪತ್ರೆ) ಸೇರಿದವರನ್ನೂ ಹೋಲಿಸಿ ನೋಡಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಅವರ ಮನೆಯವರಿಗೆ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನಾವು ಸ್ಟೀಲ್ ಲೋಟಕ್ಕೆ ಗುರುತು ಹಾಕುತ್ತಾ ಕೂತಿದ್ದೇವೆ!

ಹೋಗುವಾಗ ಮೂಸಂಬಿಯ ಬದಲು ಬೇಯಿಸಿದ ಮೊಟ್ಟೆ, ಹೆಸರುಕಾಳಿನ ಉಸಲಿ, ಶೇಂಗಾ ಚಿಕ್ಕಿ ಒಯ್ಯಿರಿ. ಕೊಟ್ಟು ಬರಬೇಡಿ, ಜಗುಲಿಯ ಮೇಲೆ ಗಾಳಿಗೆ ಕೂತು ಜೊತೆಗೇ ತಿನ್ನಿ. ಚಿಕಿತ್ಸೆ ನಡೆಯುವಾಗ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ. ಅದು ಖಾತೆಗೆ ಬೀಳದಿದ್ದರೆ ಪಾಸ್‌ಬುಕ್ಕು, ಆಧಾರ್ ಹಿಡಿದು ಜೊತೆಗೆ ಬ್ಯಾಂಕಿಗೆ ಹೋಗಿಬನ್ನಿ. ಹತ್ತು ಸಲ "ನಾನಿದ್ದೀನಿ" ಅಂದಿದ್ದಕ್ಕಿಂತ ಅದು ಹೆಚ್ಚು.

ಅಮೃತಬಳ್ಳಿ ಕಷಾಯದಿಂದಲೇ ವಾಸಿಯಾಯಿತು ಅನ್ನುವ ಫಾರ್ವರ್ಡ್ ದಯವಿಟ್ಟು ಬೇಡ. ಓಣಿಯಲ್ಲಿ ಬಾಯಿ ಬಿಡುವ ಮುಂಚೆ ಯಾರ್ಯಾರಿಗೆ ಗೊತ್ತು ಅಂತ ಅವರನ್ನೇ ಕೇಳಿ. ಮದುವೆ ವಯಸ್ಸಿಗೆ ಬಂದ ಹುಡುಗಿಯಾದರೆ ಆ ಒಂದು ಮಾತು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, 14416ಕ್ಕೆ ಜೊತೆಯಲ್ಲಿ ಕೂತೇ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಧೈರ್ಯ ಒಂದೇ ಕಡೆಯಿಂದ ಹರಿದರೆ ಪಡೆಯುವವರಿಗೆ ಭಾರ. ಅವರಿಂದಲೂ ಏನಾದರೂ ಕೇಳಿ: ಮಗಳಿಗೆ ಫೋನಿನಲ್ಲೇ ಲೆಕ್ಕ ಹೇಳಿಕೊಡೋದು, ಸಂಘದ ಪುಸ್ತಕದ ಕೂಡು-ಕಳೆ ತಾಳೆ ನೋಡೋದು. ಎರಡನೇ ತಿಂಗಳ ಕೊನೆಗೆ ಕಫ ಪರೀಕ್ಷೆ ಇರುತ್ತದೆ. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ, ಅವತ್ತು ಪಾಳಿ ತಪ್ಪಿಸಬೇಡಿ. ಮಾತ್ರೆ ಎಣಿಸಿಡುವ ಹೆಂಡತಿಯೋ ಅಮ್ಮನೋ ತಮ್ಮ ಎದೆಯ ಎಕ್ಸ್‌ರೇ ಮಾಡಿಸಿದ್ದಾರಾ ಅಂತ ಯಾರೂ ಕೇಳಿರುವುದಿಲ್ಲ. ನಾಳೆ ಫೋನ್ ಮಾಡಿದಾಗ "ಅವರಿಗೆ ಕೊಡಿ" ಅನ್ನುವ ಮೊದಲು ಅದನ್ನೊಂದು ಕೇಳಿ.