ಸತ್ಯಾಂಶ: ಚಿಕ್ಕ ಬೋರ್ಡ್ ಕಲಿಯಲು ಸುಲಭವಾ?

'ವಿಂಡ್‌ಸರ್ಫಿಂಗ್ ಕಲಿಯೋರು ಚಿಕ್ಕ ಹಳೇ ಬೋರ್ಡ್ ತಗೊಳ್ಳಿ, ಅಗ್ಗ, ಸುಲಭ' ಎಂಬ ಮೆಸೇಜ್ ಓಡಾಡುತ್ತಿದೆ. ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ. ಚಿಕ್ಕ ಬೋರ್ಡ್ ಅಗ್ಗ ನಿಜ, ಸುಲಭ ಅಲ್ಲ.

ಬೋರ್ಡ್ ಮೇಲೆ ಸಾಮಾನ್ಯವಾಗಿ ಅದರ ಗಾತ್ರವನ್ನು ಲೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ಒಂದು ಲೀಟರ್ ಸುಮಾರು ಒಂದು ಕಿಲೋ ತೇಲಿಸುತ್ತದೆ, ಅಷ್ಟೇ. 70 ಕಿಲೋದವರು 80 ಲೀಟರ್ ಬೋರ್ಡ್ ಮೇಲೆ ನಿಂತರೆ, ಹಾಯಿ, ಕಂಬ, ಬೋರ್ಡಿನ ತೂಕವೂ ಸೇರಿ ಅದು ಕಾಲಡಿಯಲ್ಲೇ ಮುಳುಗುತ್ತದೆ. ಕಲಿಯುವವರಿಗೆ ನೂರೈವತ್ತು ಲೀಟರಿಗೂ ಜಾಸ್ತಿ ಇರುವ ಅಗಲವಾದ ಬೋರ್ಡೇ ಸರಿ. ನಡುವೆ ನೀರಿಗೆ ಇಳಿಬಿಡುವ ಹಲಗೆ (ಡ್ಯಾಗರ್‌ಬೋರ್ಡ್) ಇದ್ದರೆ ಇನ್ನೂ ಒಳ್ಳೆಯದು.

ಹಳೇ ಬೋರ್ಡ್ ಕೊಳ್ಳುವಾಗ ಬಣ್ಣ ಮಾಸಿದ್ದರೆ ಚಿಂತೆ ಬೇಡ. ಕಂಬ ಕೂರುವ ಜಾಗದ ಸುತ್ತ, ಕಾಲಿಡುವ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಮೇಲಿನ ಪದರ ಒಳಗಿನ ಫೋಮ್‌ನಿಂದ ಬಿಟ್ಟಿದೆ ಅಂತ ಅರ್ಥ. ತಕ್ಕಡಿಗೂ ಹಾಕಿ. ಕಂಪನಿ ಹೇಳಿದ್ದಕ್ಕಿಂತ ಎರಡು ಮೂರು ಕಿಲೋ ಜಾಸ್ತಿ ಬಂದರೆ ಒಳಗಿನ ಫೋಮ್ ನೀರು ಕುಡಿದಿರಬಹುದು. ಅಂಥದ್ದನ್ನು ದಯವಿಟ್ಟು ಬಿಟ್ಟುಬಿಡಿ.