ಮಂಕಿ ಕ್ಯಾಪಿಗೆ ಮೈನಸ್ 20

ಜನವರಿಯಲ್ಲಿ ಮೈಸೂರಿನ ಪಾದರಸ 14ಕ್ಕೆ ಇಳಿದರೆ ಸಾಕು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಖಗಳೇ ಕಾಣುವುದಿಲ್ಲ. ಮಂಕಿ ಕ್ಯಾಪುಗಳು ಮಾತ್ರ ವಾಕಿಂಗ್ ಹೋಗುತ್ತಿರುತ್ತವೆ. ಅದೇ ಕ್ಯಾಪು ಹಿಮದ ಮೇಲೆ ಜಾರುವ ಸ್ಕೀ ಕಲಿಯಲು ಕಾಶ್ಮೀರದ ಗುಲ್ಮಾರ್ಗಿಗೆ ಹೊರಟಾಗ ನಮ್ಮೂರ ಚಳಿಯ ಜಾಣತನವೂ ಸೂಟ್‌ಕೇಸ್ ಸೇರಿಕೊಳ್ಳುತ್ತದೆ. ಎಡವಟ್ಟೆಲ್ಲ ಅದರದ್ದೇ.

ಮೊದಲನೆಯದು ಕಾಟನ್ ಬನಿಯನ್. ಮಂಡ್ಯದ ಬಿಸಿಲಿಗೆ ಅದು ದೇವರು. ಹಿಮದಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು (ಮೊದಲ ವಾರದ ಸ್ಕೀಯಿಂಗ್ ಅಂದರೆ ಇಷ್ಟೇ) ಮೈ ಬೆವರುತ್ತದೆ. ಹತ್ತಿ ಆ ಬೆವರನ್ನು ಕುಡಿದು ಕೂತುಬಿಡುತ್ತದೆ. ಗುಡ್ಡದ ಮೇಲಕ್ಕೆ ಒಯ್ಯುವ ತೂಗುಕುರ್ಚಿಯ ಲಿಫ್ಟಿನಲ್ಲಿ ಸುಮ್ಮನೆ ಕೂತಾಗ ಬೆನ್ನಿಗೆ ತಣ್ಣೀರ ಪಟ್ಟಿ ಹಾಕಿದ ಹಾಗೆ. ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಒಳಂಗಿ, ಮೇಲೊಂದು ಫ್ಲೀಸ್ (ಮೆತ್ತನೆಯ, ಬೆಚ್ಚನೆಯ ಅಂಗಿ), ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ.

ಎರಡನೆಯ ಜಾಣತನ ಎರಡು ಜೊತೆ ಕಾಲುಚೀಲ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕು, ಹಿಗ್ಗುವ ಜಾತಿಯಲ್ಲ. ಒಳಗೆ ಎರಡು ಚೀಲ ತುರುಕಿದರೆ ಪಾದ ಬಿಗಿದು, ರಕ್ತ ಬೆರಳವರೆಗೆ ಹೋಗದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಮೊಣಕಾಲುದ್ದದ, ತೆಳುವಾದ ಉಣ್ಣೆ ಚೀಲ ಒಂದೇ ಜೊತೆ ಸಾಕು. ಲಿಫ್ಟಿನಲ್ಲಿ ಬಕಲ್ ಸಡಿಲಿಸಿ, ಜಾರುವ ಮುಂಚೆ ಬಿಗಿಮಾಡಿ. ಬೂಟನ್ನು ರಾತ್ರಿ ಕಾರಿನಲ್ಲಿ ಬಿಟ್ಟಿರೋ, ಬೆಳಿಗ್ಗೆ ಪ್ಲಾಸ್ಟಿಕ್ಕು ಸೆಟೆದುಕೊಂಡು ಕಾಲನ್ನೇ ಒಳಗೆ ಬಿಡದು. ಅಟ್ಟೆಗೆ ಮೆತ್ತಿದ ಹಿಮವನ್ನು ಕೆರೆದು ತೆಗೆಯದೆ, ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗಿಗೆ ತುಳಿದರೆ ಹಿಮ್ಮಡಿ ಸರಿಯಾಗಿ ಕೂರುವುದಿಲ್ಲ. ಮೊದಲ ತಿರುವಿನಲ್ಲೇ ಸ್ಕೀ ಒಂದು ದಿಕ್ಕು, ಸವಾರ ಒಂದು ದಿಕ್ಕು.

ಇನ್ನು ಆ ಕ್ಯಾಪು. ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಉಸಿರು ತಾಗಿ ಬಾಯಿಯ ಹತ್ತಿರ ಮಂಜುಗಡ್ಡೆ ಕಟ್ಟುತ್ತದೆ, ದಪ್ಪವಾದ್ದರಿಂದ ಹೆಲ್ಮೆಟ್ ಕೂರುವುದೂ ಇಲ್ಲ. ಹೆಲ್ಮೆಟ್ಟಿನೊಳಗೆ ಹಿಡಿಸುವ ತೆಳು ಮುಸುಕು, ಅಂದರೆ ಬ್ಯಾಲಕ್ಲಾವ, ತೆಗೆದುಕೊಳ್ಳಿ. ಗಾಗಲ್ಸನ್ನು ಹಣೆಗೇರಿಸುವ ಚಟ ಬೇಡ. ಬೆವರಿನ ಹಬೆ ಗಾಜಿನೊಳಗೆ ಹೆಪ್ಪುಗಟ್ಟಿದರೆ ಮುಂದಿನದು ಕುರುಡು ಸವಾರಿ.

ಮೈನಸ್ 20ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಚರ್ಮದ ಲೆಕ್ಕಕ್ಕೆ ಅದು ಮೈನಸ್ 33. ಗಾಳಿಯೇ ಇಲ್ಲದಿದ್ದರೂ ಅಷ್ಟು ವೇಗದಲ್ಲಿ ಜಾರುವವರು ಗಾಳಿಯನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಹಾಗಾಗಿ ಒಬ್ಬರ ಮೂಗನ್ನು ಇನ್ನೊಬ್ಬರು ಕಾಯಬೇಕು.

"ರೀ, ಮೂಗಿನ ತುದಿ ಬೆಳ್ಳಗಾಗಿದೆ."

"ಸುಮ್ನಿರೇ, ಒಂಚೂರೂ ನೋವಿಲ್ಲ."

ನೋವಿಲ್ಲದ್ದೇ ರೋಗ. ಉಜ್ಜಬಾರದು, ಹಿಮ ಸವರಬಾರದು, ಅಜ್ಜಿಯ ಮುಲಾಮೂ ಬೇಡ. ಬೆಚ್ಚನೆಯ ಅಂಗೈ ಮುಚ್ಚಿ ಒಳಗೆ ನಡೆಯಿರಿ. ಬೆರಳು ಮೇಣದಂತೆ ಬಿಳಿಚಿ ಗಟ್ಟಿಯಾಗಿದ್ದರೆ ಡಾಕ್ಟರೇ ಗತಿ. ಅವರು ಸಿಗುವುದು ತಡವಾದರೆ, ಮತ್ತೆ ಹೆಪ್ಪುಗಟ್ಟುವ ಸಂಭವ ಇಲ್ಲದಿದ್ದಲ್ಲಿ ಮಾತ್ರ 37ರಿಂದ 39 ಡಿಗ್ರಿ ನೀರಿನಲ್ಲಿ ಅದ್ದಬಹುದು. ಹೀಟರಿಗೆ ಒಡ್ಡಿದರೆ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಲೇ ಕಣ್ಣು ಮುಚ್ಚುತ್ತದೆ. ಕಟ್ಟಿಕೊಂಡು ಹೋದ ಮದ್ದೂರು ವಡೆಯೂ ಅದರ ಪಕ್ಕದಲ್ಲೇ ಇರಲಿ. ಹೊರಜೇಬಿನಲ್ಲಿಟ್ಟ ವಡೆಯನ್ನು ಮಧ್ಯಾಹ್ನ ಕಚ್ಚಲು ಹೋದವರಿಗೆ ಬೇಕಾಗುವುದು ಸ್ಕೀ ಗುರು ಅಲ್ಲ, ಹಲ್ಲಿನ ಡಾಕ್ಟರು.