ಹೊಟ್ಟೆ ಕಟ್ಟಿ ಓದೋದು ಬೇಡ

ಮೊನ್ನೆ ರಾತ್ರಿ ನಮ್ಮ ಇಂಡಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಪುಣೆಯಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ದನಿಯಲ್ಲಿ ಖುಷಿ, ಅದರ ಹಿಂದೆಯೇ ಅಳುಕು. "ಅಕ್ಕಾ, ತಿಂಗಳಿಗೆ ಎಷ್ಟ ಬೇಕಾಗ್ತೈತ್ರಿ?" ಅಂದ. ಬಾಡಿಗೆ, ಮೆಸ್ಸು, ಬಸ್ಸು ಅಂತ ಹೇಳುತ್ತಾ ಹೋದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದ್ ಹೊತ್ತ ಉಂಡ್ರೂ ನಡೀತೈತಿ ಬಿಡ್ರಿ ಅಕ್ಕಾ" ಅಂದ.

ಆ ಮಾತು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಅಂದುಕೊಂಡು ಪುಣೆಯ ಸ್ವಾರಗೇಟ್‌ನಲ್ಲಿ ಬಸ್ ಇಳಿದಿದ್ದೆ.

ನಾರಾಯಣ ಪೇಠದಲ್ಲಿ ಕಾಟ್ ಬೇಸಿಸ್ ಮೇಲೆ, ಅಂದರೆ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು, ಜಾಗ ಹಿಡಿದಿದ್ದೆ. ಒಂದು ರೂಮು, ನಾಲ್ಕು ಕಾಟು. ದುಡ್ಡು ಉಳಿಸಬೇಕು ಅಂತ ಮೆಸ್ಸಿನಲ್ಲಿ ಮಧ್ಯಾಹ್ನದ ಊಟ ಮಾತ್ರ ಹಚ್ಚಿಸಿದೆ. ರಾತ್ರಿ ಚಹಾ, ಬಿಸ್ಕತ್ತು. ತೀರಾ ಹಸಿವಾದರೆ ವಡಾಪಾವ್. ಮನೆಗೆ ಫೋನ್ ಮಾಡಿದಾಗ "ಉಂಡೆನವ್ವಾ" ಅಂತಿದ್ದೆ. ಆರು ತಿಂಗಳು ಹೀಗೇ ನಡೆಯಿತು. ಜನವರಿಯಲ್ಲಿ ಒಂದು ದಿನ ಲ್ಯಾಬ್‌ನಲ್ಲಿ ಟೈಟ್ರೇಷನ್ ಮಾಡುತ್ತಿದ್ದೆ. ಫ್ಲಾಸ್ಕಿನಲ್ಲಿ ತೆಳು ಗುಲಾಬಿ ಬಣ್ಣ ಬಂದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ, ಎರಡು ವಾರ ಕ್ಲಾಸ್ ಇಲ್ಲ. ಅಷ್ಟು ತಿಂಗಳು ಹೊಟ್ಟೆ ಕಟ್ಟಿ ಉಳಿಸಿದ್ದೆಲ್ಲ ಒಂದೇ ವಾರದಲ್ಲಿ ಔಷಧಿ ಅಂಗಡಿ ಪಾಲಾಯಿತು.

ಅದಕ್ಕೇ ಹೇಳುತ್ತಿದ್ದೇನೆ. ಬಟ್ಟೆಯಲ್ಲಿ ಉಳಿಸಿ, ಮೊಬೈಲಿನಲ್ಲಿ ಉಳಿಸಿ, ತಾಟಿನಲ್ಲಿ ಮಾತ್ರ ಉಳಿಸಬೇಡಿ. ನಮ್ಮ ಹುಡುಗರು ಮೊದಲು ಕೈ ಹಾಕುವುದೇ ಅಲ್ಲಿಗೆ. ಯಾಕೆಂದರೆ ಅದೊಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಾ ಉಣ್ಣೋದು ಹೇಗೆ? ನನಗೆ ಗೊತ್ತಿರುವ ದಾರಿ ಒಂದೇ. ಅಡುಗೆ ಕಲಿಯಬೇಕು.

ನನಗೆ ಕಲಿಸಿದವಳು ಪಕ್ಕದ ಕಾಟಿನ ಸೊಲ್ಲಾಪುರದ ಹುಡುಗಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಅವಳು ಭಾಕರಿ ಅಂತಿದ್ದಳು, ನಾನು ರೊಟ್ಟಿ ಅಂತಿದ್ದೆ, ಹಂಚಿನ ಮೇಲೆ ಎರಡೂ ಒಂದೇ. ಊರಲ್ಲಿ ಅವ್ವ ಬಡಿಯುವುದನ್ನು ದಿನಾ ನೋಡಿದ್ದೆ, ಕೈ ಹಚ್ಚಿರಲಿಲ್ಲ. ಇಬ್ಬರೂ ತುಳಶೀಬಾಗ್ ಪೇಟೆಗೆ ಹೋಗಿ ಒಂದು ಕಬ್ಬಿಣದ ಹಂಚು, ಹಿಟ್ಟು ನಾದುವ ಅಗಲದ ಪರಾತ ತಂದೆವು. ಅವ್ವ ಊರಿಂದ ಬಸ್ಸಿಗೆ 20 ಕಿಲೋ ಬಿಳಿಜೋಳ ಹಾಕಿ ಕಳಿಸಿದಳು. ಅಷ್ಟನ್ನೂ ಒಮ್ಮೆಗೇ ಬೀಸಿಸಲು ಹೊರಟಾಗ ಸೊಲ್ಲಾಪುರದವಳು ತಡೆದಳು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಸೀಳುತ್ತದೆ. ಮೂರು ಮೂರು ಕಿಲೋ ಮಾತ್ರ ಗಿರಣಿಗೆ ಒಯ್ಯಬೇಕು. ಎಸರು ಕಾಯಿಸಿ, ಕುದಿಯುವ ನೀರನ್ನೇ ಹಿಟ್ಟಿಗೆ ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಬೇಕು. ನೀರು ಆರುವ ಮೊದಲೇ ತಿರುವಬೇಕು. ಮೊದಲ ವಾರ ನನ್ನವು ಒಂದೂ ಉಬ್ಬಲಿಲ್ಲ. ಎರಡನೇ ವಾರ ಒಂದು ಉಬ್ಬಿತು, ರೂಮಿನವರೆಲ್ಲ ಎದ್ದು ಬಂದು ನೋಡಿದರು.

ಒಂದು ಕಿಲೋ ಹಿಟ್ಟಿಗೆ 12ರಿಂದ 14 ರೊಟ್ಟಿ ಆಗುತ್ತವೆ. ರಾತ್ರಿಯ ಊಟಕ್ಕೂ ಆಯಿತು, ಬೆಳಿಗ್ಗೆ ಡಬ್ಬಿಗೂ ಆಯಿತು. ಜೊತೆಗೆ ಮನೆಯಿಂದ ಬಂದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ. ಡಬ್ಬಿಗೆ ಒದ್ದೆ ಚಮಚ ಹಾಕದಿದ್ದರೆ ತಿಂಗಳಾದರೂ ಕೆಡುವುದಿಲ್ಲ. ಕಾಯಿಪಲ್ಲೆಗೆ ಸಂಜೆ ಹೊತ್ತು ಮುಳುಗಿದ ಮೇಲೆ ಮಂಡಈಗೆ, ಅಂದರೆ ಮಾರುಕಟ್ಟೆಗೆ ಹೋಗುತ್ತಿದ್ದೆವು. ಮಹಾತ್ಮಾ ಫುಲೆ ಮಂಡಈಯಲ್ಲಿ ಅಂಗಡಿ ಎತ್ತುವ ಹೊತ್ತಿಗೆ ಸೊಪ್ಪಿನವರು ಒಂದರ ರೇಟಿಗೆ ಎರಡು ಜುಡಿ ಮೆಂತ್ಯ ಕೊಟ್ಟುಬಿಡುತ್ತಿದ್ದರು. ಮೆಂತ್ಯಪಲ್ಲೆ, ಹೆಸರುಬೇಳೆ, ಮೇಲೆ ನಿಂಬೆಹುಳಿ. ನಿಂಬೆ ಹಿಂಡಿಕೊಂಡರೆ ಸೊಪ್ಪು ಬೇಳೆಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ ಅಂತ ಡಾಕ್ಟರ್ ಹೇಳಿದ್ದರು.

ಗ್ಯಾಸಿನ ವಿಷಯದಲ್ಲಿ ಮಾತ್ರ ಹುಷಾರು. ನಾವು ಮೊದಲು ಸಂದಿಯ ಅಂಗಡಿಯಲ್ಲಿ ತುಂಬಿಸಿಕೊಡುವ ಸಣ್ಣ ಸಿಲಿಂಡರ್ ಇಟ್ಟುಕೊಂಡಿದ್ದೆವು. ಒಂದು ರಾತ್ರಿ ವಾಸನೆಗೆ ಎಚ್ಚರವಾಯಿತು. ಲೈಟ್ ಹಾಕದೆ, ಕಿಟಕಿ ತೆಗೆದು, ಅದನ್ನು ಹೊರಗಿಟ್ಟು ಬೆಳಗಿನ ತನಕ ಮೆಟ್ಟಿಲ ಮೇಲೆ ಕೂತಿದ್ದೆವು. ಈಗ ಇಂಡಿಯನ್ ಆಯಿಲ್‌ನ 5 ಕಿಲೋದ ಛೋಟು ಸಿಲಿಂಡರ್ ಇದೆ. ಗುರುತಿನ ಚೀಟಿ ಸಾಕು, ವಿಳಾಸದ ಪುರಾವೆ ಕೇಳುವುದಿಲ್ಲ. ರೂಮು ನೋಡುವಾಗಲೇ ಅಡುಗೆಗೆ ಒಪ್ಪುತ್ತಾರಾ ಅಂತ ಕೇಳಿ. ಬಾಡಿಗೆ ಕಡಿಮೆ ಅಂತ ತೀರಾ ದೂರ ಹೋಗಬೇಡಿ. ಅಲ್ಲಿ ಉಳಿಸಿದ್ದು ಬಸ್ಸಿಗೆ, ಹೊರಗಿನ ತಿಂಡಿಗೆ ಹೋಗುತ್ತದೆ.

ಪುಸ್ತಕಕ್ಕೆ ಅಪ್ಪಾ ಬಳವಂತ ಚೌಕ ಇದೆ, ಹಳೆಯ ಪುಸ್ತಕ ಅರ್ಧ ರೇಟಿಗೆ ತಂದು ಪರೀಕ್ಷೆ ಮುಗಿದ ಮೇಲೆ ವಾಪಸ್ ಮಾರಿದ್ದೇನೆ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ರಜೆಗೆ ಊರಿಗೆ ಹೋಗುವಾಗ ಕಾಲೇಜಿನಿಂದ ಸರ್ಟಿಫಿಕೇಟ್ ತಂದು ರೈಲ್ವೆ ಕೌಂಟರಿನಲ್ಲಿ ಕೊಟ್ಟರೆ, ಸ್ಲೀಪರ್ ಟಿಕೆಟ್‌ನಲ್ಲಿ ವಿದ್ಯಾರ್ಥಿಗಳಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 75 ರಿಯಾಯಿತಿ ಇದೆ. ಕೇಳಿ ತಗೊಳ್ಳಿ. ಅದು ನಿಮ್ಮ ಹಕ್ಕು.

ಹಿರಿಯರು ಕೆಲವರು ಹೇಳುತ್ತಾರೆ, "ನಾವು ವಾರಾನ್ನ ಉಂಡು ಓದಿದವರು" ಅಂತ. ಅದನ್ನು ಉಪವಾಸದ ಕಥೆ ಥರ ಹೇಳುತ್ತಾರೆ. ಆದರೆ ವಾರಾನ್ನ ಅಂದರೆ ಏನು? ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯ ಊಟ. ಓದುವ ಹುಡುಗ ಹಸಿದಿರಬಾರದು ಅಂತ ಊರೇ ವಹಿಸಿಕೊಂಡ ಕೆಲಸ ಅದು. ಪುಣೆಯಲ್ಲಿ ಮನೆಮನೆಗೆ ಹೋಗಿ ಅನ್ನ ಬೇಡಿ ತರುವ ಮಾಧುಕರಿಯೂ ಇತ್ತು. ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆದಿರಲಿಲ್ಲ, ಅದೂ ನಿಜ. ಅದಕ್ಕೇ ನನಗೆ ಕರ್ಮವೀರ ಭಾವೂರಾವ್ ಪಾಟೀಲರು ತುಂಬಾ ದೊಡ್ಡವರಾಗಿ ಕಾಣುತ್ತಾರೆ. 1924ರಲ್ಲಿ ಸಾತಾರಾದಲ್ಲಿ ಬೋರ್ಡಿಂಗ್ ತೆರೆದು ಎಲ್ಲ ಜಾತಿಯ ಮಕ್ಕಳನ್ನೂ ಒಟ್ಟಿಗೆ ಇಟ್ಟುಕೊಂಡರು. ಮಕ್ಕಳು ದುಡಿಯುತ್ತಿದ್ದರು, ಓದುತ್ತಿದ್ದರು. ಆ ಮಕ್ಕಳ ಊಟಕ್ಕೆ ಅಂತ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರ ಮಾರಿದರು, ಮಂಗಳಸೂತ್ರವನ್ನೂ ಬಿಡಲಿಲ್ಲ. ಸ್ವಾವಲಂಬನೆ ಅನ್ನುವ ಮಾತನ್ನು ಈ ಸೀಮೆಗೆ ಕಲಿಸಿದವರೇ ಮೊದಲು ನೋಡಿದ್ದು ಮಕ್ಕಳ ತಾಟು. ಇವತ್ತು ಪುಣೆ ವಿಶ್ವವಿದ್ಯಾಲಯದಲ್ಲಿ 'ಕಮವಾ ವ ಶಿಕಾ', ಅಂದರೆ ದುಡಿ, ಕಲಿ ಅನ್ನುವ ಯೋಜನೆ ಇದೆ. ಕಾಲೇಜಿನಲ್ಲೇ ದಿನಕ್ಕೆ ಒಂದೆರಡು ತಾಸು ಕೆಲಸ, ಅದಕ್ಕೆ ಸಂಬಳ. ಸೇರಿದ ಮೊದಲ ವಾರದಲ್ಲೇ ಹೋಗಿ ವಿಚಾರಿಸಿ, ನಾಚಿಕೆ ಬೇಡ.

ಊರಲ್ಲಿರುವ ಅವ್ವಂದಿರಿಗೆ ಒಂದು ಮಾತು. ಮಗನನ್ನು ಹೊರಗೆ ಓದಲು ಕಳಿಸುವ ಮೊದಲು ಒಂದು ತಿಂಗಳು ಒಲೆ ಮುಂದೆ ಕೂರಿಸಿ. ಅನ್ನ, ಬೇಳೆ, ಒಂದು ಪಲ್ಲೆ, ಬಂದರೆ ರೊಟ್ಟಿ. ಮಗಳಿಗೆ ಕಲಿಸುತ್ತೀರಿ, ಅವನಿಗೂ ಹೊಟ್ಟೆ ಇದೆಯಲ್ವಾ?

ಆ ಹುಡುಗ ಬರುವ ಭಾನುವಾರ ಬರುತ್ತಾನೆ. ಜೋಳದ ಚೀಲ ತಾ ಅಂದಿದ್ದೇನೆ. ಹಂಚು ತರಬೇಡ, ಆ ತುಳಶೀಬಾಗಿನದು ಇನ್ನೂ ನನ್ನ ಹತ್ರ ಇದೆ ಅಂತಲೂ ಹೇಳಿದ್ದೇನೆ.